ಉಗ್ರಾಣದ ಬಾಗಿಲಿಗೆ ಒಳಚಿಲಕ

ಆ ಮನೆ ಅಕ್ಕನಿಗೆ ಒಂದು ಚಿಲಕ ಬಾಕಿ ಉಳಿಸಿಕೊಂಡಿದೆ. ಕೂಲಿಯ ಮಾತು ಬಿಡಿ. ಅಷ್ಟು ವರ್ಷ ಪಾತ್ರೆ ಉಜ್ಜಿದ್ದಕ್ಕೆ ಕೂಲಿ ಎಂಬುದೊಂದು ಇರುತ್ತದೆ ಅಂತ ಆ ಮನೆಯಲ್ಲಿ ಯಾರಿಗೂ ಹೊಳೆದೇ ಇಲ್ಲ. ಹೊಳೆಯದ್ದನ್ನು ಬಾಕಿ ಅಂತ ಹೇಗೆ ಕರೆಯುವುದು? ಚಿಲಕ ಹಾಗಲ್ಲ. ಹಾಕಿಸಿಕೊಡ್ತೀನಿ ಅಂತ ತಮ್ಮ ಬಾಯಿಬಿಟ್ಟು ಹೇಳಿದ್ದ. ಆಗ ಅವನ ಮಗ ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದ. ಈಗ ಆ ಮಗ ಕನ್ನಡಿ ಮುಂದೆ ನಿಂತು ಮೀಸೆ ತಿದ್ದಿಕೊಳ್ಳುತ್ತಾನೆ. ಚಿಲಕ ಇನ್ನೂ ಅಂಗಡಿಯಲ್ಲೇ ಇದೆ.

ಅಕ್ಕ ಮಲಗುವುದು ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ. ಉಗ್ರಾಣ ಅಂದಮೇಲೆ ಚಿಲಕ ಹೊರಗಡೆ ಇರುತ್ತದೆ. ಈರುಳ್ಳಿ ಒಳಗಿಂದ ಚಿಲಕ ಹಾಕಿಕೊಳ್ಳುವುದಿಲ್ಲವಲ್ಲ. ಒಂದು ಗೋಡೆಗೆ ಅಕ್ಕಿ ಡಬ್ಬ, ಬೇಳೆ ಡಬ್ಬ, ಎಣ್ಣೆ ಕ್ಯಾನು. ಇನ್ನೊಂದು ಗೋಡೆಗೆ ಅಕ್ಕನ ಮಂಚ, ಮಂಚದ ಕೆಳಗೆ ಅವಳ ಟ್ರಂಕು. ನಡುವೆ ಒಬ್ಬರು ಅಡ್ಡಡ್ಡ ತಿರುಗುವಷ್ಟು ಜಾಗ. ಹಿತ್ತಲ ಕಡೆಗೊಂದು ಕಿಟಕಿ. ಅವಳು ಬಟ್ಟೆ ಬದಲಿಸುವ ಹೊತ್ತಿಗೇ ಯಾರಿಗಾದರೂ ಬೆಳ್ಳುಳ್ಳಿ ಬೇಕಾಗುತ್ತದೆ. ಬಾಗಿಲು ದಬ್ಬಿಕೊಂಡು ಬರುತ್ತಾರೆ, "ಅಯ್ಯೋ" ಅಂತಾರೆ, ಬೆಳ್ಳುಳ್ಳಿ ತಗೊಂಡೇ ಹೋಗುತ್ತಾರೆ. ಅದಕ್ಕೇ ಅಕ್ಕ ಬಾಗಿಲಿಗೆ ಅಕ್ಕಿ ಡಬ್ಬ ಒತ್ತಿಡುವುದನ್ನು ಕಲಿತಳು. ಆದರೆ ಅಕ್ಕಿ ಖಾಲಿಯಾದ ಹಾಗೆ ಡಬ್ಬವೂ ಹಗುರ. ತಿಂಗಳ ಕೊನೆಗೆ ಅಕ್ಕನ ಮರ್ಯಾದೆಯ ತಳ ಕಾಣುತ್ತಿತ್ತು.

ಏನೇ ಆಗಲಿ, ಅದು ಅವಳ ಕೋಣೆ. ಆ ಇಡೀ ಮನೆಯಲ್ಲಿ ಅವಳು "ನಂದು" ಅನ್ನಬಹುದಾದ ಜಾಗ ಅದೊಂದೇ. ಅದಕ್ಕೇ ಕುತ್ತು ಬಂದ ಕಥೆ ಇದು.

ತಮ್ಮ ಅಂದೆನಲ್ಲ, ಅವನು ಬೀದಿಗೆಲ್ಲ ಲೀಡರು. ಹಾಲು ಹಾಕುವವನಿಂದ ಹಿಡಿದು ಹೆಂಡತಿಯವರೆಗೆ ಎಲ್ಲರೂ ಹಾಗೇ ಕರೆಯುವುದು. ಕಾರ್ಖಾನೆಯ ಕಾರ್ಮಿಕ ಸಂಘಕ್ಕೆ ಎದ್ದರೂ ಅವರೇ ಕಾರ್ಯದರ್ಶಿ, ಬಿದ್ದರೂ ಅವರೇ. ದೊಡ್ಡ ಮುಷ್ಕರದಲ್ಲಿ ಪೊಲೀಸರು ಲೀಡರನ್ನು ಒಳಗೆ ಹಾಕಿದಾಗ, ಬಾಣಂತಿ ಹೆಂಡತಿಯನ್ನು ನೋಡಿಕೊಳ್ಳಲು ಅಕ್ಕ ಒಂದು ಟ್ರಂಕು ಹಿಡಿದುಕೊಂಡು ಬಂದಳು. "ನಾಲ್ಕು ದಿನ ಇದ್ದು ಹೋಗ್ತೀನಿ" ಅಂದಿದ್ದಳು. ಬಂದವಳು ಮನೆಗೂ ಬೇಯಿಸಿದಳು, ಗೇಟಿನ ಮುಂದೆ ಶಾಮಿಯಾನ ಹಾಕಿ ಕೂತಿದ್ದ ಗಂಡಸರಿಗೂ ಬೇಯಿಸಿದಳು. ಅವಳು ಕುದಿಸಿದ ಗಂಜಿ ಕುಡಿದೇ ಅವರು ಗೇಟು ಬಿಡದೆ ಕೂತದ್ದು. ಗೆದ್ದ ದಿನ ಲೀಡರು ಜೀಪಿನ ಮೇಲೆ ನಿಂತು ಭಾಷಣ ಮಾಡಿದರು: "ಗೇಟು ಯಾರ ಕೈಲಿದೆಯೋ ಮಾತುಕತೆ ಅವರ ಕೈಲಿದೆ!" ಚಪ್ಪಾಳೆ ಬಿತ್ತು. ಮೈಕಿನವನಿಗೂ ವಂದನೆ ಸಂದಿತು. ಒಲೆಗೆ ಸಲ್ಲಲಿಲ್ಲ. ಅಕ್ಕ ಅವತ್ತು ಹಂಡೆಯ ತಳ ಕೆರೆಯುತ್ತಾ ಆ ಮಾತನ್ನು ಕೇಳಿಸಿಕೊಂಡಿದ್ದಳು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಲೀಡರು ಮನೆಯನ್ನೂ ಸಂಘದ ಹಾಗೇ ನಡೆಸುತ್ತಿದ್ದರು. ಫ್ಯಾನು ಕೊಳ್ಳಬೇಕೋ ಬೇಡವೋ, ಪರದೆ ನೀಲಿಯೋ ಹಸಿರೋ, ಎಲ್ಲಕ್ಕೂ ನಡುಮನೆಯ ಹಾಲಿನಲ್ಲಿ ಮೀಟಿಂಗು. ಎಲ್ಲಕ್ಕೂ ಕೈ ಎತ್ತುವುದು. ಲೀಡರ ಹೆಂಡತಿಯ ಸೊಂಟದಲ್ಲಿ ಬೀಗದ ಕೈ ಗೊಂಚಲು ಇರುತ್ತಿದ್ದರಿಂದ ಆಕೆಗೆ ಖಜಾಂಚಿ ಅಂತ ಹೆಸರು ಬಿದ್ದಿತ್ತು. ಖಜಾಂಚಿಯದೊಂದು ಓಟು, ಮಗನದೊಂದು, ಲೀಡರದೊಂದು. ಅಕ್ಕನ ಓಟು? ಮೀಟಿಂಗು ಅಂದಮೇಲೆ ಟೀ ಬೇಕು. ಟೀ ಅಂದಮೇಲೆ ಅಕ್ಕ ಒಳಗಿರಬೇಕು. "ಅಕ್ಕನದೂ ಒಪ್ಪಿಗೆ ಇದೆ, ಅಲ್ವೇನಕ್ಕಾ?" ಅಂತ ಲೀಡರು ಅಡುಗೆಮನೆಯ ಕಡೆ ಕೂಗುತ್ತಿದ್ದರು. ಒಳಗೆ ಪಾತ್ರೆ ಸದ್ದಾದರೆ ಹೂಂ ಅಂತ ಅರ್ಥ. ಆ ಮನೆಯಲ್ಲಿ ಪಾತ್ರೆ ಸದ್ದಾಗದೆ ಇದ್ದ ಗಳಿಗೆ ಯಾವುದಿತ್ತು? ಹಾಗಾಗಿ ಎಲ್ಲ ನಿರ್ಣಯವೂ ಸರ್ವಾನುಮತ.

ಹೀಗಿರುವಾಗ ಲೀಡರು ನಿವೃತ್ತರಾದರು. ಮಹಿಳಾ ಸಮಾವೇಶವೊಂದರಲ್ಲಿ ಅವರು "ಅಡುಗೆಮನೆಯೇ ಹೆಣ್ಣಿನ ಸೆರೆಮನೆ, ಅದರ ಗೋಡೆ ಒಡೆಯಬೇಕು" ಅಂತ ಗಂಟಲು ಹರಿದುಕೊಂಡದ್ದು ಸಂಘದವರಿಗೆ ನೆನಪಿತ್ತು. ಕೈಗಡಿಯಾರ ಕೊಡೋಣ ಅಂದವರ ಬಾಯಿ ಮುಚ್ಚಿಸಿ, ಬೀಳ್ಕೊಡುಗೆಗೆ ಒಂದು ಡಿಶ್‌ವಾಶರ್ ಕೊಟ್ಟರು. ಪಾತ್ರೆ ತೊಳೆಯುವ ಮಿಷಿನ್ನು. ಬೆಳ್ಳಗೆ, ದಪ್ಪಗೆ, ಹೊಸ ಮದುಮಗನ ಹಾಗೆ ಕಾಗದದ ಪೆಟ್ಟಿಗೆಯಲ್ಲಿ ಬಂದು ಹಾಲಿನ ಮಧ್ಯೆ ಕೂತಿತು.

"ಅಕ್ಕಾ, ಇನ್ಮೇಲೆ ನಿನಗೆ ವಿಶ್ರಾಂತಿ!" ಅಂದರು ಲೀಡರು.

"ಎಲ್ಲಿಡ್ತೀಯೋ ಇದನ್ನ?" ಅಂದಳು ಅಕ್ಕ.

ಸರಿಯಾದ ಪ್ರಶ್ನೆ. ಆ ಮನೆ ಕಟ್ಟಿಸಿದ ಪುಣ್ಯಾತ್ಮ ಗೃಹಪ್ರವೇಶದ ಹಿಂದಿನ ದಿನ ಅಡುಗೆಮನೆಯನ್ನು ಜ್ಞಾಪಿಸಿಕೊಂಡಿರಬೇಕು. ಎಲ್ಲ ಕೋಣೆ ಹಂಚಿ ಮಿಕ್ಕ ಜಾಗ ಅದು. ರೈಲು ಡಬ್ಬಿಯ ಓಣಿಯ ಹಾಗೆ ಉದ್ದಕ್ಕೆ, ಕಿರಿದಾಗಿ. ಇಬ್ಬರು ಎದುರುಬದುರಾದರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಹಾಲಿನಿಂದ ಒಳಗೆ ಬಂದರೆ ಬಲಗಡೆ ಗೋಡೆಗೆ ಮೊದಲು ನೀರಿನ ಡ್ರಮ್ಮು, ಆಮೇಲೆ ಸಿಂಕು, ಆಮೇಲೆ ಅಡುಗೆ ಕಟ್ಟೆ, ಕಟ್ಟಕಡೆಗೆ ಉಗ್ರಾಣದ ಬಾಗಿಲು. ಎಡಗಡೆ ಬರೀ ಗೋಡೆ. ಮಹಡಿ ಮೆಟ್ಟಿಲಿನ ಹೊಟ್ಟೆ ಮೇಲಿನಿಂದ ಇಳಿಬಿದ್ದಿದೆ. ಎತ್ತರದವರು ಒಲೆ ಮುಂದೆ ತಲೆ ಬಾಗಿಸಲೇಬೇಕು. ಬಾಗಿಲು ಒಂದೇ. ಹೋದ ದಾರಿಯಲ್ಲೇ ಬರಬೇಕು.

ಜಾಗ ಹುಡುಕಲು ಲೀಡರು ಉಪಸಮಿತಿ ನೇಮಿಸಿದರು. ಉಪಸಮಿತಿ ಅಂದರೆ ಮಗ ಮತ್ತು ಒಂದು ಟೇಪು. ಕಟ್ಟೆಯ ಕೆಳಗೆ ತಳ್ಳೋಣ ಅಂದರೆ ಕಟ್ಟೆ ಎರಡು ಬೆರಳು ಗಿಡ್ಡ. ಕಟ್ಟೆ ಒಡೆಯೋಣ ಅಂದರೆ ಖಜಾಂಚಿ ಅದಕ್ಕೆ ಹೋದ ವರ್ಷ ತಾನೆ ಗ್ರಾನೈಟು ಹಾಕಿಸಿದ್ದಳು. "ಮೊದಲು ನನ್ನ ತಲೆ ಒಡೀರಿ, ಆಮೇಲೆ ಕಲ್ಲು ಒಡೀರಿ" ಅಂದಳು. ಕೊನೆಗೆ ಡ್ರಮ್ಮು ಎತ್ತಿ ಹಿತ್ತಲಿಗೆ ಹಾಕಿ, ಆ ಜಾಗವನ್ನು ಮಗ ಅಳೆದ. ಮಿಷಿನ್ನನ್ನೂ ಅಳೆದ. ಅಗಲ ಸರಿ, ಎತ್ತರ ಸರಿ, ಪಕ್ಕದಲ್ಲೇ ಸಿಂಕು, ಪೈಪಿಗೂ ಸರಿ. ನಿರ್ಣಯ ಮಂಡನೆಯಾಯಿತು, ಮೂರು ಕೈ ಎದ್ದವು, ಒಳಗೆ ಒಂದು ತಟ್ಟೆ ಸದ್ದಾಯಿತು. ಸರ್ವಾನುಮತ. ಪ್ಲಂಬರ್ ಬಂದು ಪೈಪು ಸಿಕ್ಕಿಸಿ ಹೋದ.

ಉಪಸಮಿತಿ ಮಿಷಿನ್ನಿನ ಬಾಗಿಲು ಮುಚ್ಚಿಕೊಂಡು ಅಳತೆ ತೆಗೆದಿತ್ತು. ಆ ಬಾಗಿಲೋ, ಕಪಾಟಿನ ಹಾಗೆ ಪಕ್ಕಕ್ಕೆ ತೆರೆಯುವಂಥದಲ್ಲ. ಮೇಲಿನಿಂದ ಕೆಳಕ್ಕೆ ಮಲಗುವಂಥದು. ಮಲಗಿತು ಅಂದರೆ ಎದುರು ಗೋಡೆಗೆ ಮೂತಿ ತಾಗಿಸಿಕೊಂಡು ಓಣಿಗೆ ಅಡ್ಡಲಾಗಿ ಮಲಗಿತು. ಅದರ ಮೇಲೆ ತಟ್ಟೆ ಜೋಡಿಸುವ ತಂತಿ ಬುಟ್ಟಿ ಬೇರೆ ಮುಂದಕ್ಕೆ ಬರುತ್ತದೆ. ಆಗ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಅಡುಗೆಮನೆಗೆ ಅಂತೂ ಸೆರೆಮನೆಯ ಗೇಟು ಬಂದಿತ್ತು.

ಮೊದಲ ದಿನವೇ ಸಿಕ್ಕಿಬಿದ್ದವರು ಲೀಡರು. ಅಕ್ಕ ತಟ್ಟೆ ಜೋಡಿಸುತ್ತಿದ್ದಾಗ ನೀರು ಕುಡಿಯಲು ಒಳಗೆ ಬಂದು ನಿಂತಿದ್ದರು. ಹಾಲಿನಲ್ಲಿ ಫೋನು ಬಡಿದುಕೊಂಡಿತು.

"ಅಕ್ಕಾ, ಮುಚ್ಚು, ಮುಚ್ಚು, ಸಂಘದ ಫೋನು!"

"ತಡಿಯೋ, ಅರ್ಧ ಆಗಿದೆ."

ತಡೆಯುವ ಜಾಯಮಾನ ಲೀಡರದಲ್ಲ. ಬುಟ್ಟಿಯ ಮೇಲೆ ಕಾಲೆತ್ತಿ ದಾಟಿದರು. ಪೈಜಾಮದ ಲಾಡಿ ತಂತಿಗೆ ಸಿಕ್ಕಿಕೊಂಡಿತು. ಎಳೆದರು. ಲಾಡಿ ಬಿಡಲಿಲ್ಲ, ಬುಟ್ಟಿ ಬಿಟ್ಟುಕೊಂಡಿತು. ಹನ್ನೆರಡು ತಟ್ಟೆಗಳ ಮೆರವಣಿಗೆ ಹಿಂದೆ ಎಳೆದುಕೊಂಡು, ಎರಡೂ ಕೈಯಲ್ಲಿ ಪೈಜಾಮ ಹಿಡಿದುಕೊಂಡು ಲೀಡರು ಹಾಲಿಗೆ ಬಂದರು. ಅಷ್ಟರಲ್ಲಿ ಫೋನು ನಿಂತಿತ್ತು.

ಅವತ್ತೇ ತುರ್ತು ಮೀಟಿಂಗು. ಅಕ್ಕ ಒಳಗೆ ಟೀ ಸೋಸುತ್ತಿದ್ದಳು. ಸೋಸುತ್ತಲೇ ಕೇಳಿಸಿಕೊಂಡಳು.

"ಉಗ್ರಾಣಕ್ಕೆ ಹಾಕೋದೇ ಒಳ್ಳೇದು" ಅಂದ ಮಗ. "ಕಟ್ಟೆ ಕೆಳಗಿಂದ ಉದ್ದದ ಪೈಪು ಎಳೆದರಾಯ್ತು ಅಂತ ಪ್ಲಂಬರ್ ಹೇಳಿದಾನೆ. ಮಂಚ ತೆಗೆದರೆ ಬಾಗಿಲು ಪೂರ್ತಿ ತೆರೆಯುತ್ತೆ."

"ಮಂಚ?" ಅಂದಳು ಖಜಾಂಚಿ.

"ಗುಜರಿಗೆ."

"ಅಕ್ಕ?"

ಮಗ ಟೇಪು ಸುತ್ತಿಕೊಂಡ. ಆಮೇಲೆ ಲೀಡರು ಗಂಟಲು ಸರಿಮಾಡಿಕೊಂಡರು. "ಹಾಲಿನಲ್ಲಿ ದಿವಾನ ಇದೆಯಲ್ಲ. ಗಾಳಿ ಬೆಳಕು ಚೆನ್ನಾಗಿದೆ. ಅಕ್ಕನದೂ ಒಪ್ಪಿಗೆ ಇದೆ. ಅಲ್ವೇನಕ್ಕಾ?"

ಅಕ್ಕ ಕೈಯಲ್ಲಿದ್ದ ಸೌಟನ್ನು ಸದ್ದಾಗದ ಹಾಗೆ ಕೆಳಗಿಟ್ಟಳು. ಬಾಗಿಲಿಗೆ ಬಂದು ನಿಂತಳು.

"ಆ ದಿವಾನದ ಮೇಲೆ ನಿನ್ನ ಸಂಘದೋರು ಊಟದ ಹೊತ್ತು ಮೀರಿದ್ರೂ ಕೂತಿರ್ತಾರಲ್ಲೋ. ನಾನೇನು ಅವರ ತೊಡೆ ಮೇಲೆ ಮಲಗ್ಲಾ?"

"ಅತ್ತೆ, ಹೊಂದಾಣಿಕೆ ಮಾಡ್ಕೋಬೇಕಪ್ಪ" ಅಂದ ಮಗ.

"ಇದೆಲ್ಲ ನಿನ್ನ ವಿಶ್ರಾಂತಿಗೇ ಅಕ್ಕಾ" ಅಂದರು ಲೀಡರು. "ಮಿಷಿನ್ನು ಯಾರಿಗೆ ಬಂದಿದ್ದು? ನಿನಗೆ."

"ನನಗೆ ಬಂದಿದ್ದು ನನ್ನೇ ಎಬ್ಬಿಸಿ ಮಲಗುತ್ತಾ?"

"ಬಹುಮತ ಆಗಿಹೋಗಿದೆ" ಅಂದರು ಲೀಡರು. ಮುಖ ಸ್ವಲ್ಪ ಸಣ್ಣಗಾಗಿತ್ತು, ನಿಜ. ಆದರೆ ಬಹುಮತ ಬಹುಮತವೇ. ಗಾರೆಯವನು ಮಾರನೇ ದಿನ ಮಧ್ಯಾಹ್ನ ಬರುವುದೆಂದೂ ಗೊತ್ತಾಯಿತು. ಟೀ ಆರಿಹೋಗಿದೆ ಅಂತ ಖಜಾಂಚಿ ಆಕ್ಷೇಪಣೆ ಎತ್ತಿದಳು.

ಅಕ್ಕ ಅಳಲಿಲ್ಲ. ಅಳುವವರಿಗೆ ಆ ಮನೆಯಲ್ಲಿ ಬಿಡುವು ಬೇಕಲ್ಲ. ಅವಳು ಮಂಚದ ಮೇಲೆ ಕೂತು ಆ ಹಳೇ ಶಾಮಿಯಾನ, ಆ ಗೇಟು, ಗೇಟಿನ ಮುಂದೆ ಕದಲದೆ ಕೂತ ಗಂಡಸರು, ಎಲ್ಲವನ್ನೂ ಒಂದು ಸಲ ಜ್ಞಾಪಿಸಿಕೊಂಡಳು.

ಮಾರನೇ ದಿನ ಬೆಳಗ್ಗೆ ಸಂಘದವರು ಬರುವುದಿತ್ತು. ತಾವು ಕೊಟ್ಟ ಉಡುಗೊರೆಯ ಜೊತೆ ಲೀಡರ ಫೋಟೋ ತೆಗೆದು ಸಂಘದ ಪತ್ರಿಕೆಗೆ ಹಾಕುವ ಆಸೆ ಅವರಿಗೆ. ತಿಂಡಿ ಮುಗಿದದ್ದೇ ತಡ, ಅಕ್ಕ ಮನೆಯ ಪಾತ್ರೆಗಳನ್ನೆಲ್ಲ ಕಲೆಹಾಕಿದಳು. ತಟ್ಟೆ, ಲೋಟ, ಸೌಟು, ಟೀ ಪಾತ್ರೆ, ಸೋಸುವ ಜಾಲರಿ, ಲೀಡರು ಬಿಟ್ಟು ಬೇರೆ ಯಾರೂ ಬಾಯಿ ಇಡಬಾರದ ದೊಡ್ಡ ಲೋಟ, ಕೊನೆಗೆ ಅವರ ಕ್ಷೌರದ ಮಗ್ಗು. ಎಲ್ಲವನ್ನೂ ತಂತಿ ಬುಟ್ಟಿಗೆ ತುಂಬಿದಳು. ಬುಟ್ಟಿಯನ್ನು ಪೂರಾ ಎಳೆದಳು. ಮಿಷಿನ್ನಿನ ಬಾಗಿಲು ಗೋಡೆಗೆ ಮೂತಿ ತಾಗಿಸಿಕೊಂಡು ಮಲಗಿಯೇ ಇತ್ತು. ಅದರ ಒಳಬದಿಗೆ, ಸಿಂಕಿನ ಹತ್ತಿರ, ಬಕೆಟ್ಟು ಬೋರಲು ಹಾಕಿ ಕೂತಳು.

ಸಂಘದವರು ಏಳೆಂಟು ಜನ ಬಂದರು. ಮುಂದೆ ಅಧ್ಯಕ್ಷ, ಹೊಟ್ಟೆ ಮುಂದು ಮಾಡಿಕೊಂಡು. ಆ ಹೊಟ್ಟೆಗೆ ಮುಷ್ಕರದ ಕಾಲದಲ್ಲಿ ಗಂಜಿ ಬಿದ್ದದ್ದು ಅಕ್ಕನ ಸೌಟಿನಿಂದ.

"ಅಕ್ಕಾ, ಒಂದು ರೌಂಡು ಟೀ" ಅಂತ ಕೂಗಿದರು ಲೀಡರು.

"ಲೋಟ ಇಲ್ಲ" ಅಂತ ಉತ್ತರ ಬಂತು.

ಲೀಡರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಹಿಂದೆ ಖಜಾಂಚಿ, ಅವಳ ಹಿಂದೆ ಮಗ, ಅವನ ಭುಜದ ಮೇಲಿಂದ ಅಧ್ಯಕ್ಷ.

"ಏನಕ್ಕಾ ಇದು?"

"ಕಾಣಲ್ವೇನೋ? ಗೇಟು."

"ತಮಾಷೆ ಸಾಕು, ಜನ ಬಂದಿದಾರೆ. ಮೊದಲು ಬಾಗಿಲು ಮುಚ್ಚು, ಆಮೇಲೆ ಮಾತಾಡೋಣ."

"ಮ್ಯಾನೇಜರು ನಿಮಗೆ ಇದನ್ನೇ ಅಲ್ವೇನೋ ಹೇಳ್ತಿದ್ದದ್ದು? ಮೊದಲು ಗೇಟು ಬಿಡಿ, ಆಮೇಲೆ ಮಾತು ಅಂತ. ಆಗ ನೀನೇನಂದೆ?"

ಲೀಡರು ಹಿಂದೆ ತಿರುಗಿ ಅಧ್ಯಕ್ಷನನ್ನು ನೋಡಿದರು. ಅಧ್ಯಕ್ಷ ಸುಮ್ಮನಾಗುವ ಪೈಕಿ ಅಲ್ಲ. "ಸತ್ತರೂ ಗೇಟು ಬಿಡಲ್ಲ ಅಂದಿದ್ದ ಅಕ್ಕಾ! ನಾನೇ ಪಕ್ಕದಲ್ಲಿ ನಿಂತಿದ್ದೆ!"

"ಅದು ಬೇರೆ, ಇದು ಬೇರೆ" ಅಂದರು ಲೀಡರು.

"ಮ್ಯಾನೇಜರೂ ಹಾಗೇ ಅಂದಿದ್ದ" ಅಂದ ಅಧ್ಯಕ್ಷ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

"ನೋಡ್ರೀ, ನನಗೆ ಟೀ ಕುಡೀದೆ ತಲೆ ಸಿಡೀತಿದೆ" ಅಂದಳು ಖಜಾಂಚಿ. "ಅಕ್ಕಾ, ನಿಮಗೇನು ಬೇಕು, ಬೇಗ ಹೇಳಿಬಿಡಿ."

ಆ ಮನೆಯಲ್ಲಿ ಅಕ್ಕನನ್ನು ಹೀಗೆ ಯಾರೂ ಕೇಳಿರಲಿಲ್ಲ. ಕೇಳಿದವಳಿಗೂ ಅದು ತಲೆನೋವಿನ ಮಾತು, ಪ್ರೀತಿಯದಲ್ಲ. ಆದರೂ ಕೇಳಿದ್ದು ಕೇಳಿದ್ದೇ.

"ನನ್ನ ಮಂಚ ಇದ್ದಲ್ಲೇ ಇರಬೇಕು" ಅಂದಳು ಅಕ್ಕ. "ಉಗ್ರಾಣದ ಬಾಗಿಲಿಗೆ ಒಳಗಿಂದ ಚಿಲಕ ಬೇಕು. ಅಷ್ಟೇ."

"ಮತ್ತೆ ಮಿಷಿನ್ನು? ಇಲ್ಲಿಟ್ಟರೆ ಓಡಾಡೋಕಾಗಲ್ಲ, ಅಲ್ಲಿಡೋಕೆ ನೀನು ಬಿಡಲ್ಲ. ತಲೆ ಮೇಲೆ ಇಟ್ಕೊಳ್ಲಾ?" ಅಂದರು ಲೀಡರು.

ಅಕ್ಕ ಕೂತಲ್ಲಿಂದಲೇ ಸಿಂಕಿನ ಹಿಂದಿನ ಗೋಡೆಯನ್ನು ಗೆಣ್ಣಿನಿಂದ ಬಡಿದಳು. ಟೊಳ್ಳು ಸದ್ದು ಬಂತು. "ಈ ಗೋಡೆಯಾಚೆ ಏನಿದೆ?"

ಮಗ ಯೋಚನೆ ಮಾಡದೆ ಬಾಯಿಬಿಟ್ಟ. "ಅಪ್ಪನ ಆಫೀಸು ರೂಮು." ಬಿಟ್ಟಮೇಲೆ ಯೋಚನೆ ಮಾಡಿದ.

ಲೀಡರ ಆಫೀಸು ರೂಮು ಅಂದರೆ ಆ ಮನೆಯ ಗರ್ಭಗುಡಿ. ಮೇಜು, ತಿರುಗುವ ಕುರ್ಚಿ, ಗೋಡೆ ತುಂಬ ಹಾರ ಹಾಕಿಸಿಕೊಂಡ ಫೋಟೋಗಳು, ಕಪಾಟಿನಲ್ಲಿ ಯಾರೂ ಓದದ ಕರಪತ್ರಗಳ ಕಟ್ಟು. ಅದಕ್ಕೆ ಹೊರಚಿಲಕ, ಒಳಚಿಲಕ ಎರಡೂ ಇವೆ. ಸಾಲದ್ದಕ್ಕೆ ಬೀಗ.

"ಅಲ್ಲಿ ಸಂಘದ ಕೆಲಸ ನಡೆಯುತ್ತೆ!" ಲೀಡರ ದನಿ ಏರಿತು.

"ಇಲ್ಲೂ ಕೆಲಸವೇ ಕಣೋ ನಡೆಯೋದು" ಅಂದಳು ಅಕ್ಕ. "ಗೋಡೆ ಒಡೀಬೇಕು ಅಂತ ನೀನೇ ತಾನೆ ಭಾಷಣ ಮಾಡಿದ್ದು? ಒಂದು ಪೈಪು ತೂರೋ ಅಷ್ಟು ಒಡಿ, ಸಾಕು. ಇಲ್ಲ ಅಂದ್ರೆ ಓಟಿಗೆ ಹಾಕು. ಈ ಸಲ ನಾನೂ ಇದೀನಿ. ಟೀ ಮಾಡೋ ಕೆಲಸ ಇಲ್ಲ."

ಓಟು ಎಂಬ ಮಾತು ಕಿವಿಗೆ ಬಿದ್ದಮೇಲೆ ಅಧ್ಯಕ್ಷನನ್ನು ತಡೆಯುವವರಿಲ್ಲ. ಅದು ಅವನ ರಕ್ತದಲ್ಲೇ ಬಂದದ್ದು. "ನಿರ್ಣಯದ ಪರ ಇರೋರು ಕೈ ಎತ್ತಿ!" ಅಂದುಬಿಟ್ಟ. ಸಂಘದ ಅಷ್ಟೂ ಜನ ಫಟ್ಟನೆ ಕೈ ಎತ್ತಿದರು. ಏನು ನಿರ್ಣಯ ಅಂತ ಹಿಂದೆ ನಿಂತಿದ್ದವರಿಗೆ ಗೊತ್ತೂ ಇರಲಿಲ್ಲ. ಅಧ್ಯಕ್ಷ ಹಾಗೆ ಅಂದಾಗ ಎತ್ತಿ ಎತ್ತಿ ಕೈಗೆ ರೂಢಿಯಾಗಿತ್ತು. ಖಜಾಂಚಿಯೂ ಎತ್ತಿದಳು. ಆ ಕೋಣೆಯ ಧೂಳು ಹೊಡೆಯಲು ಬಿಡದ ಗಂಡನ ಮೇಲೆ ಅವಳಿಗೆ ಹಳೇ ಸಿಟ್ಟಿತ್ತು, ಅದು ಬೇರೆ ವಿಷಯ. ಮಗ ಅಪ್ಪನ ಮುಖ ನೋಡಿದ, ಅಮ್ಮನ ಮುಖ ನೋಡಿದ, ತಲೆ ಕೆರೆದುಕೊಳ್ಳುವ ಹಾಗೆ ಅರ್ಧ ಕೈ ಎತ್ತಿದ. ಮಿಷಿನ್ನಿನ ಆಚೆ ಕಡೆ, ಸೋಪಿನ ನೀರಿಗೆ ಬಿರಿದುಹೋಗಿದ್ದ ಒಂದು ಕೈಯೂ ಎದ್ದಿತ್ತು.

"ವಿರೋಧ?"

ಲೀಡರು ಒಬ್ಬರೇ ಎತ್ತಿದರು. ಜೀವಮಾನದಲ್ಲಿ ಅಲ್ಪಮತಕ್ಕೆ ಬಿದ್ದ ಅಭ್ಯಾಸ ಇರಲಿಲ್ಲ. ಕೈ ಇಳಿಸುವುದು ಯಾವಾಗ ಅಂತ ತಿಳಿಯದೆ ಬಹಳ ಹೊತ್ತು ಹಾಗೇ ನಿಂತಿದ್ದರು.

"ಮತ್ತೆ ಚಿಲಕ?" ಅಂದಳು ಅಕ್ಕ.

"ಅದಕ್ಕೆ ತಾತ್ವಿಕವಾಗಿ ಒಪ್ಪಿಗೆ ಇದೆ" ಅಂದರು ಲೀಡರು, ಕೈ ಇಳಿಸುತ್ತಾ.

ಇಲ್ಲೇ ಅಕ್ಕ ಎಡವಿದ್ದು. ತಾತ್ವಿಕವಾಗಿ ಒಪ್ಪಿಗೆ ಅಂದರೆ ಏನು ಅಂತ ಅವಳು ಲೀಡರನ್ನು ಕೇಳಬೇಕಿತ್ತು. ಅದೇ ಮಾತನ್ನು ಮ್ಯಾನೇಜರು ಅಂದಾಗ ಲೀಡರು ಅವನ ಮೇಜು ಗುದ್ದಿದ್ದರು. ಚಿಲಕ ತರಿಸಿ, ಸ್ಕ್ರೂ ತಿರುಗಿಸಿ, ಒಳಗಿಂದ ಒಮ್ಮೆ ಹಾಕಿ ನೋಡುವ ತನಕ ಗೇಟು ಬಿಡಬಾರದಿತ್ತು. ಆದರೆ ಖಜಾಂಚಿಯ ತಲೆ ಸಿಡಿಯುತ್ತಿತ್ತು, ಅಧ್ಯಕ್ಷನಿಗೆ ಹಸಿವಾಗಿತ್ತು, ಸೊಂಟಕ್ಕೆ ಬಕೆಟ್ಟಿನ ಅಂಚು ಒತ್ತುತ್ತಿತ್ತು. ಅಕ್ಕ ಬುಟ್ಟಿಯಿಂದ ಲೋಟಗಳನ್ನು ಎತ್ತಿಕೊಂಡಳು, ಬಾಗಿಲು ಮುಚ್ಚಿದಳು, ಒಲೆ ಹಚ್ಚಿದಳು. ಗೆದ್ದವಳೇ ಎಲ್ಲರಿಗೂ ಟೀ ಮಾಡಿಕೊಟ್ಟಳು.

ಮಧ್ಯಾಹ್ನ ಬಂದ ಗಾರೆಯವನು ಸಿಂಕಿನ ಹಿಂದೆ ತೂತು ಕೊರೆದ. ಮಿಷಿನ್ನು ಆಫೀಸು ರೂಮಿಗೆ ಹೋಯಿತು. ಅಲ್ಲಿ ಅದರ ಬಾಗಿಲು ಆರಾಮಾಗಿ ಕಾಲು ಚಾಚಿ ಮಲಗುತ್ತದೆ. ಲೀಡರು ಹೇಳಿಕೆ ಬರೆಯುತ್ತಾ ಕೂತಿದ್ದರೆ ಪಕ್ಕದಲ್ಲಿ ಅದು ಗುಳುಗುಳು ಬಾಯಿ ಮುಕ್ಕಳಿಸುತ್ತಿರುತ್ತದೆ. ಬಂದವರು ಇವರ ಮಾತಿಗಿಂತ ಅದರ ಮಾತನ್ನೇ ಹೆಚ್ಚು ಗಮನವಿಟ್ಟು ಕೇಳುತ್ತಾರೆ. ಫೋಟೋ ಪತ್ರಿಕೆಯಲ್ಲಿ ಬಂತು: ಮಿಷಿನ್ನಿನ ಮೇಲೆ ಕೈಯಿಟ್ಟ ಲೀಡರು, ಕೆಳಗೆ "ಸ್ವಂತ ಕಚೇರಿಯನ್ನೇ ಬಿಟ್ಟುಕೊಟ್ಟ ನಾಯಕ".

ಎಂಜಲು ತಟ್ಟೆಯನ್ನು ಕೆರೆದು, ನಡುಮನೆ ದಾಟಿಸಿ, ಆಫೀಸಿಗೆ ಹೊತ್ತು, ಜೋಡಿಸಿ, ತೆಗೆದು, ಒರೆಸಿ, ಮತ್ತೆ ಹೊತ್ತು ತರುವುದು ಯಾರು ಅಂತ ಕೇಳಬೇಡಿ. ತಳ ಹಿಡಿದ ಪಾತ್ರೆ, ದೊಡ್ಡ ಬಾಣಲೆ ಅದರೊಳಗೆ ಹಿಡಿಸುವುದಿಲ್ಲ. ಅವು ಇನ್ನೂ ಅಕ್ಕನ ಕೈಯಲ್ಲೇ ಹಿಡಿಸುತ್ತವೆ.

ಮಂಚ ಮಾತ್ರ ಇದ್ದಲ್ಲೇ ಇದೆ. ಅಷ್ಟು ಗೆಲುವು ಗೆಲುವೇ. ಚಿಲಕದ ವಿಷಯ ಎತ್ತಿದರೆ ಲೀಡರು "ಮುಂದಿನ ವಾರ" ಅಂತಾರೆ. ಒಂದು ವಾರ ಸ್ಕ್ರೂ ಇರಲಿಲ್ಲ, ಇನ್ನೊಂದು ವಾರ ಬಡಗಿ ಇರಲಿಲ್ಲ, ಮತ್ತೊಂದು ವಾರ ಲೀಡರೇ ಇರಲಿಲ್ಲ. ಮಹಿಳಾ ಸಮಾವೇಶಕ್ಕೆ ಹೋಗಿದ್ದರು.

"ಅಲ್ಲಕ್ಕಾ, ಎಷ್ಟರ ಚಿಲಕ ಅದು, ನೀವೇ ತಂದು ಹಾಕ್ಕೋಬಾರ್ದಾ?" ಅಂತ ಅಧ್ಯಕ್ಷ ಒಂದು ದಿನ ಕೇಳಿದ.

"ಹಾಕ್ಕೋಬಹುದು" ಅಂದಳು ಅಕ್ಕ, ಬಾಣಲೆ ಉಜ್ಜುತ್ತಾ. "ಕೊಡಬೇಕಾದೋನು ಗುಂಡುಕಲ್ಲಿನ ಹಾಗೆ ಕೂತಿರುವಾಗ ನಾನ್ಯಾಕೋ ಹಾಕ್ಕೊಳ್ಲಿ? ಮಿಷಿನ್ನು ಈಗ ಆ ರೂಮಲ್ಲಿದೆ. ಅದರ ಬಾಗಿಲು ಅಲ್ಲೂ ತೆರೆಯುತ್ತೆ, ತೆರೆದರೆ ಅವನು ಹೊರಗೆ ಬರೋ ದಾರಿಗೇ ಅಡ್ಡ. ಅವನ ಕುರ್ಚಿ ಒಳಗಡೆಗಿದೆ ಅನ್ನೋದು ಅವನಿಗಿನ್ನೂ ಹೊಳೆದಿಲ್ಲ."

ಅಧ್ಯಕ್ಷ ನಕ್ಕ. ಇದನ್ನು ಓದುತ್ತಿರುವ ನೀವೂ ನಕ್ಕಿರಬಹುದು. ನಕ್ಕಿದ್ದು ಸಾಕು, ಏಳಿ. ನಿಮ್ಮ ಮನೆಯಲ್ಲಿ ಅಡುಗೆಮನೆಯ ಪಕ್ಕ, ಮೆಟ್ಟಿಲ ಕೆಳಗೆ, ಡಬ್ಬಗಳ ನಡುವೆ ಮಲಗುವವರು ಯಾರು? ಆ ಬಾಗಿಲ ಹತ್ತಿರ ಹೋಗಿ. ದಬ್ಬಬೇಡಿ, ತಟ್ಟಿ. ಒಳಗೆ ಚಿಲಕ ಇದೆಯೇ ನೋಡಿ. ಇಲ್ಲದಿದ್ದರೆ ಮೀಟಿಂಗು ಕರೆಯಬೇಡಿ, ತಾತ್ವಿಕವಾಗಿ ಒಪ್ಪಬೇಡಿ. ಇವತ್ತೇ ಅಂಗಡಿಗೆ ಹೋಗಿ ಚಿಲಕ ತನ್ನಿ, ನಿಮ್ಮ ಕೈಯಿಂದಲೇ ಸ್ಕ್ರೂ ತಿರುಗಿಸಿ, ನೀವು ಹೊರಗೆ ನಿಂತುಕೊಳ್ಳಿ, ಅವರು ಒಳಗಿಂದ ಹಾಕಿಕೊಳ್ಳಲಿ.